ಸುತ್ತು ಬಾರದ ಉಡುದಾರ

ನನ್ನ ಗಂಡನಿಗೆ ಹೊಟ್ಟೆ ಇತ್ತು. ಸರ್ಕಾರಿ ಬಸ್ಸಿನ ಡ್ರೈವರಿಗೆ ಹೊಟ್ಟೆ ಇಲ್ಲದಿದ್ದರೆ ಸ್ಟೇರಿಂಗಿಗೆ ಆಸರೆ ಯಾರು ಎಂದು ಅವರೇ ನಗುತ್ತಿದ್ದರು. ನಂಜನಗೂಡಿನಿಂದ ನರಸೀಪುರಕ್ಕೆ, ನರಸೀಪುರದಿಂದ ನಂಜನಗೂಡಿಗೆ, ಹಗಲೆಲ್ಲ ಅದೇ ರಸ್ತೆ, ಅದೇ ಹಂಪುಗಳು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು, ನಾಲಿಗೆ ಸ್ವಲ್ಪ ಚುರುಕು. 'ಬಸ್ಸಿಂದ ಮೊದಲು ನಿಮ್ಮ ಹೊಟ್ಟೆ ಇಳಿಯುತ್ತೆ, ಆಮೇಲೆ ನೀವು' ಎಂದು ರೇಗಿಸುತ್ತಿದ್ದೆ. ಅವರು ಹೊಟ್ಟೆಯನ್ನು ಎರಡು ಕೈಯಲ್ಲೂ ಎತ್ತಿ ಹಿಡಿದು, 'ನಿನ್ನ ಮುದ್ದೆ ಕಣೇ ಇದು, ಬೇರೆ ಯಾರದ್ದೂ ಅಲ್ಲ' ಎನ್ನುತ್ತಿದ್ದರು.

ಆ ಹೊಟ್ಟೆಯ ಕೆಳಗೆ, ಸೊಂಟದ ಸುತ್ತ, ಒಂದು ಕರೀ ಉಡುದಾರ. ಅದಕ್ಕೆ ನಮ್ಮ ಬೀರುವಿನ ಬೀಗದ ಕೈ ಕಟ್ಟಿಕೊಂಡಿರುತ್ತಿದ್ದರು. ನನಗೆ ಬೀರು ತೆಗೆಯಬೇಕಾದಾಗಲೆಲ್ಲ ಅವರು ಬೀರುವಿನ ಮುಂದೆ ಬಂದು ಅಂಗಿ ಎತ್ತಿಕೊಂಡು ನಿಲ್ಲಬೇಕಿತ್ತು. ನಾನು ಬೆಳೆದ ಮನೆಯಲ್ಲಿ ಇಂಥದ್ದೊಂದೂ ಇರಲಿಲ್ಲ. ನಮ್ಮಪ್ಪ ಗೋಡೆಯ ಪಟಗಳನ್ನೆಲ್ಲ ಇಳಿಸಿ ಬುದ್ಧನ ಒಂದೇ ಪಟ ಇಟ್ಟವರು, ನಮ್ಮ ಅಣ್ಣತಮ್ಮಂದಿರ ಕೈಯ ದಾರ, ಕೊರಳ ತಾಯಿತ ಎಲ್ಲವನ್ನೂ ಒಂದೇ ದಿನ ಬಿಚ್ಚಿಸಿದವರು. ಮದುವೆಯಾದ ಹೊಸದರಲ್ಲಿ ನಾನೂ ಇವರಿಗೆ ಹೇಳಿದ್ದೆ, ಅದನ್ನು ಬಿಚ್ಚಿ ಎಸೆಯಿರಿ, ಬೆವರು ಕುಡಿದು ನಾರುತ್ತೆ ಅಂತ. 'ಅವ್ವ ಕಟ್ಟಿರೋದು, ಇರ್ಲಿ ಬಿಡು. ಬೀಗದ ಕೈ ನಿನ್ನ ಜಡೆಗೆ ನೇತಾಕ್ಲಾ?' ಎಂದಿದ್ದರು. ಅಲ್ಲಿಗೆ ಆ ಮಾತು ಮುಗಿಯಿತು.

ಅತ್ತೆ ಸೋಸಲೆಯಲ್ಲಿ ಹಿರಿಮಗನ ಮನೆಯಲ್ಲಿದ್ದರು. ದಾರ ಸವೆದಾಗಲೆಲ್ಲ ಹೊಸದು ತಂದು ತಾವೇ ಕಟ್ಟುತ್ತಿದ್ದರು, ನಲವತ್ತು ದಾಟಿದ ಮಗನಿಗೂ. ಅದಕ್ಕೊಂದು ಕ್ರಮ ಇತ್ತು. ಮೊದಲು ಹೊಸದನ್ನು ಕಟ್ಟಬೇಕು, ಆಮೇಲೆ ಹಳೆಯದನ್ನು ತೆಗೆಯಬೇಕು. ಗಂಡಸಿನ ಸೊಂಟ ಒಂದು ಗಳಿಗೆಯೂ ಬರಿದಾಗಬಾರದು. ಬರಿದಾಗುವುದು ಒಂದೇ ಸಲ, ಹೆಣ ತೊಳೆಯುವಾಗ. ಆಗ ಹಿರಿಯರು ಯಾರಾದರೂ ಉಡುದಾರ ಕತ್ತರಿಸುತ್ತಾರೆ, ಅದರ ಜೊತೆ ಈ ಲೋಕದ ಕಟ್ಟು ಹರಿಯಿತು ಎಂದು ಲೆಕ್ಕ. ಇದೆಲ್ಲ ನನಗೆ ಗೊತ್ತಿತ್ತು, ಗೊತ್ತಿದ್ದೂ ನಗುತ್ತಿದ್ದೆ.

ವಾರದ ರಜೆಯಲ್ಲಿ ಅವ್ವನನ್ನು ನೋಡಿ ಬರುತ್ತೇನೆಂದು ಸೋಸಲೆಗೆ ಹೋದವರಿಗೆ ಊಟವಾದ ಮೇಲೆ ಹೊಟ್ಟೆನೋವು ಬಂತು. ಬೆನ್ನಿಗೆ ಇರಿಯುವಂಥ ನೋವು. ಅತ್ತೆ ವಾಯು ಅಂದುಕೊಂಡರು. ಓಂಕಾಳಿನ ನೀರು ಕುಡಿಸಿದರು, ವೀಳ್ಯದೆಲೆಗೆ ಹರಳೆಣ್ಣೆ ಸವರಿ ಕೆಂಡದ ಮೇಲೆ ಬಾಡಿಸಿ ಹೊಟ್ಟೆಯ ಮೇಲೆ ಹಾಕಿದರು. ಕುಡಿದದ್ದೆಲ್ಲ ವಾಂತಿಯಾಯಿತು. ಭಾವ ಬೈಕಿನಲ್ಲಿ ಕೂರಿಸಿಕೊಂಡು ನರಸೀಪುರದ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಗ್ಯಾಸ್ಟ್ರಿಕ್ ಎಂದು ಇಂಜೆಕ್ಷನ್ ಕೊಟ್ಟರು. ನೋವು ಬಗ್ಗಲಿಲ್ಲ. ಫೋನಿನಲ್ಲಿ ಅವರ ದನಿ ಕೇಳಿದ ಕೂಡಲೇ ನನಗೆ ಇದು ಗ್ಯಾಸ್ಟ್ರಿಕ್ ಅಲ್ಲ ಅನ್ನಿಸಿತು. ಆ ಮನುಷ್ಯ ನೋವು ಹೇಳಿಕೊಳ್ಳುವವರೇ ಅಲ್ಲ. 'ಇಲ್ಲಿಗೇ ಕರ್ಕೊಂಡು ಬನ್ನಿ, ನಾನಿರ್ತೀನಿ' ಎಂದು ಭಾವನಿಗೆ ಹೇಳಿದೆ. ಹಾಗೆ ಅವರು ನಂಜನಗೂಡಿನ ಒಂದು ಖಾಸಗಿ ಆಸ್ಪತ್ರೆಯ ಐಸಿಯುಗೆ ಬಂದರು.

ಪಿತ್ತಕೋಶದಿಂದ ಒಂದು ಸಣ್ಣ ಕಲ್ಲು ಜಾರಿ ನಾಳದಲ್ಲಿ ಸಿಕ್ಕಿಕೊಂಡಿದೆ, ಅದರಿಂದ ಮೇದೋಜೀರಕ ಗ್ರಂಥಿ ಊದಿಕೊಂಡು ತನ್ನನ್ನು ತಾನೇ ಅರಗಿಸಿಕೊಳ್ಳುತ್ತಿದೆ ಎಂದರು ಡಾಕ್ಟರು. ಜನಕ್ಕೆ ಕಲ್ಲಿನ ಮಾತು ಬೇಡವಾಗಿತ್ತು. ನೋಡಲು ಬಂದವರೆಲ್ಲ ಮೊದಲು ಕೇಳುತ್ತಿದ್ದುದು ಒಂದೇ ಮಾತು, ದನಿ ತಗ್ಗಿಸಿ: 'ಕುಡೀತಿದ್ರಾ?' ನನ್ನ ಗಂಡ ಕಾಫಿಯನ್ನೂ ಅರ್ಧ ಲೋಟ ಕುಡಿಯುವವರು. ಮೊದಮೊದಲು ಇಲ್ಲ ಎಂದು ವಿವರಿಸಿದೆ. ಆಮೇಲೆ ಒಬ್ಬರಿಗೆ, 'ಹೌದು, ನೀವೂ ಜೊತೇಲಿ ಇದ್ದಿರಂತಲ್ಲ' ಎಂದುಬಿಟ್ಟೆ. ಅವರು ಮತ್ತೆ ಬರಲಿಲ್ಲ. ನನಗೆ ಅದರಿಂದ ಸ್ವಲ್ಪ ಹಾಯೆನಿಸಿತು, ಸುಳ್ಳು ಯಾಕೆ ಹೇಳಲಿ.

ಸಲೈನ್ ಹನಿಯುತ್ತಲೇ ಇತ್ತು. ರಕ್ತನಾಳದಲ್ಲಿ ನಿಲ್ಲಬೇಕಾದ ನೀರು ಕರುಳಿಗೂ ಹೊಟ್ಟೆಯೊಳಗಿನ ಸಂದಿಗಳಿಗೂ ಸೋರಿಹೋಗುತ್ತಿದೆ, ಹಾಗಂತ ಕೊಡದೆ ಇರುವಂತೆಯೂ ಇಲ್ಲ ಎಂದರು. ಮರುದಿನ ಡಾಕ್ಟರು ಹೊದಿಕೆ ಸರಿಸಿ, ಹೊಟ್ಟೆಯ ಮೇಲೆ ಬೆರಳಿಂದ ತಟ್ಟಿ, ನನ್ನನ್ನು ಒಳಗೆ ಕರೆಸಿದರು.

'ಇವರ ಹೊಟ್ಟೆ ಮೊದಲಿಂದಲೂ ಹೀಗೇನಾಮ್ಮ?'

ಹೌದು ಎನ್ನುವುದಕ್ಕೆ ಬಾಯಿ ತೆರೆದಿದ್ದೆ. ಅಷ್ಟು ವರ್ಷ ಹೊಟ್ಟೆ ಹೊಟ್ಟೆ ಎಂದು ಆಡಿಕೊಂಡವಳಿಗೆ ಅದೇ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಆಗ ಉಡುದಾರ ಕಣ್ಣಿಗೆ ಬಿತ್ತು. ಮನೆಯಲ್ಲಿ ಅದು ಸಡಿಲವಾಗಿ ಜಾರಿ ಲುಂಗಿಯ ಗಂಟಿನ ಕೆಳಗೆ ಹೋಗುತ್ತಿತ್ತು, ಬೀಗದ ಕೈ ತೊಡೆಯ ಮೇಲೆ ಆಡುತ್ತಿತ್ತು. ಈಗ ದಾರ ಚರ್ಮದೊಳಗೆ ಹೂತುಹೋಗಿ ಅರ್ಧ ಕಾಣುತ್ತಲೇ ಇರಲಿಲ್ಲ. ಬೀಗದ ಕೈಯನ್ನು ದಾದಿ ಎತ್ತಿದರೆ ಅದರ ಹಲ್ಲುಗಳ ಸಮೇತ ಮೈಮೇಲೆ ಅಚ್ಚು ಬಿದ್ದಿತ್ತು.

'ಇಲ್ಲ ಡಾಕ್ಟ್ರೇ. ಹೀಗಿರಲಿಲ್ಲ' ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು.

ಹೊಟ್ಟೆಯನ್ನು ಮುಟ್ಟಿ ನೋಡಿದೆ. ನಾನು ಮಲಗುವಾಗ ಕೈ ಹಾಕಿಕೊಳ್ಳುತ್ತಿದ್ದ ಮೆತ್ತನೆಯ ಹೊಟ್ಟೆ ಅದಲ್ಲ. ಬಸ್ಸಿನ ಟೈರಿನಷ್ಟು ಗಟ್ಟಿ, ಹೊಳೆಯುವಷ್ಟು ಬಿಗಿ.

ಡಾಕ್ಟರು ವಿವರಿಸಿದರು. ಹೊಟ್ಟೆ ಎಂದರೆ ಬಾಗಿಲಿಲ್ಲದ ಕೋಣೆ. ಒಳಗೆ ಎಲ್ಲ ಊದಿಕೊಂಡಾಗ ಜಾಗ ಸಾಲದೆ ಒತ್ತಡ ಏರುತ್ತದೆ. ಆ ಒತ್ತಡ ಮೇಲಕ್ಕೆ ನೂಕಿದರೆ ಶ್ವಾಸಕೋಶಕ್ಕೆ ಹಿಗ್ಗಲು ಜಾಗವಿಲ್ಲ, ಹಿಂದಕ್ಕೆ ಒತ್ತಿದರೆ ಮೂತ್ರಪಿಂಡಕ್ಕೆ ರಕ್ತವಿಲ್ಲ. ಒತ್ತಡವನ್ನು ಅಳೆಯುವುದು ಮೂತ್ರದ ಕೊಳವೆಯಿಂದಲೇ. ದಾದಿ ಕೊಳವೆಯೊಳಕ್ಕೆ ಸ್ವಲ್ಪ ಸಲೈನ್ ಬಿಟ್ಟು, ಅದನ್ನು ನೇರ ಎತ್ತಿ ಹಿಡಿದು, ನೀರು ಎಲ್ಲಿಯವರೆಗೆ ಏರಿ ನಿಲ್ಲುತ್ತದೆಂದು ಅಳತೆಪಟ್ಟಿಯಲ್ಲಿ ನೋಡುತ್ತಿದ್ದಳು. ನಾನು ಎಷ್ಟು ವರ್ಷ ಬೋರ್ಡಿನ ಮೇಲೆ ಬರೆದ ಪಾಠ ಅದು, ದ್ರವದ ಕಂಬ, ಒತ್ತಡ, ಎತ್ತರ. ಮಂಚದ ಪಕ್ಕ ನಿಂತು ಆ ನೀರು ಏರುವುದನ್ನು ನೋಡುತ್ತಾ ನನಗೆ ಪಾಠದ ಒಂದು ಪದವೂ ನೆನಪಾಗಲಿಲ್ಲ. ಇಳಿ, ಇಳಿ, ಇಳಿಯೇ ಎಂದು ನೀರಿಗೆ ಬೇಡಿಕೊಳ್ಳುತ್ತಿದ್ದೆ. ಮಂಚದ ಕೆಳಗೆ ನೇತಾಡುವ ಚೀಲದಲ್ಲಿ ಮೂತ್ರ ಮೊದಲು ಚಹಾದ ಬಣ್ಣಕ್ಕೆ ತಿರುಗಿತು, ಆಮೇಲೆ ನಿಂತೇಹೋಯಿತು.

ಅವರಿಗೆ ಉಸಿರು ಕಟ್ಟತೊಡಗಿತು. ವೆಂಟಿಲೇಟರ್ ಹಾಕುವ ಮುಂಚೆ ನನ್ನ ಕೈ ಹಿಡಿದುಕೊಂಡು, 'ಒಟ್ಟೆ ಒಡ್ದೋಯ್ತದೆ ಕಣೇ, ಏನಾದ್ರೂ ಮಾಡ್ಸೇ' ಎಂದರು. ಅದೇ ಅವರು ನನ್ನೊಂದಿಗೆ ಆಡಿದ ಕೊನೆಯ ಮಾತು. ಏನಾದರೂ ಮಾಡಿಸು. ಏನು ಮಾಡಿಸಲಿ, ಯಾರ ಕೈಲಿ ಮಾಡಿಸಲಿ ಎಂದು ನಾನು ಆ ವರಾಂಡದಲ್ಲಿ ಹುಚ್ಚಿಯ ಹಾಗೆ ಓಡಾಡಿದೆ. ಮೈಸೂರಿಗೆ ಸಾಗಿಸೋಣವೆಂದರೆ ದಾರಿ ತಡೆಯುವ ಸ್ಥಿತಿ ಅಲ್ಲ ಎಂದರು. ಮೈಸೂರಿನಿಂದ ಸರ್ಜನ್ ಒಬ್ಬರನ್ನು ಇಲ್ಲಿಗೇ ಕರೆಸುತ್ತೇವೆ, ಅಷ್ಟರಲ್ಲಿ ಒತ್ತಡ ಇಳಿಸಲು ಆಗುವುದನ್ನೆಲ್ಲ ಮಾಡುತ್ತೇವೆ ಎಂದರು. ಮೂಗಿನಿಂದ ಕೊಳವೆ ಇಳಿಸಿದರು. ಹೊಟ್ಟೆಯ ಸ್ನಾಯು ಸಡಿಲವಾಗಲು ಔಷಧಿ ಕೊಟ್ಟರು. ಸೂಜಿ ಚುಚ್ಚಿ ಒಂದಷ್ಟು ನೀರು ತೆಗೆದರು. ಮೈಮೇಲೆ ಬಿಗಿಯಾಗಿರುವುದೊಂದೂ ಇರಬಾರದೆಂದು ದಾದಿ ಕತ್ತರಿ ಹಿಡಿದು ಬಂದಳು.

ಸೋಸಲೆಯಿಂದ ಬಂದಿದ್ದ ಅತ್ತೆ ಮಂಚದ ಪಕ್ಕದಲ್ಲಿದ್ದರು. ಆ ಹೊತ್ತಿಗೆ ಒಬ್ಬೊಬ್ಬರೇ ಒಳಗೆ ಹೋಗಬೇಕೆಂಬ ನಿಯಮವನ್ನು ಯಾರೂ ಕೇಳುತ್ತಿರಲಿಲ್ಲ. ಕತ್ತರಿ ಎಲ್ಲಿಗೆ ಹೋಗುತ್ತಿದೆ ಎಂದು ಕಂಡದ್ದೇ ಮಗನ ಹೊಟ್ಟೆಗೆ ಅಡ್ಡ ಕೈ ಚಾಚಿದರು.

'ಉಡ್ದಾರಕ್ಕೆ ಕತ್ರಿ ಆಕ್ಬೇಡ ಕಣವ್ವ! ಜೀವ ಅದೆ ಅದರಲ್ಲಿ. ನನ್ ಮಗ ಬದ್ಕವ್ನೆ!'

'ಅಜ್ಜಿ, ಅದು ಒಳಗೆ ಕೊಯ್ತಾ ಇದೆ' ಎಂದಳು ದಾದಿ.

'ಕೊಯ್ಲಿ. ಬದ್ಕಿರೋನ ಉಡ್ದಾರ ಯಾರವ್ವ ಕುಯ್ದಾರು? ಎಣ ಮಾಡ್ಬುಡ್ತೀಯಾ ಇವನ್ನ?'

ನನಗೆ ರೇಗಿಹೋಯಿತು. ಮೂತ್ರ ನಿಂತಿದೆ, ಉಸಿರು ಯಂತ್ರದ್ದು, ಇವರಿಗೆ ದಾರದ ಚಿಂತೆ. 'ಅತ್ತೆ, ಕೈ ತೆಗೀರಿ. ಒಂದು ದಾರಕ್ಕೋಸ್ಕರ ಇವರನ್ನ ಕೊಲ್ತೀರಾ?' ಎಂದು ಕಿರುಚಿದೆ. ಅವರು ಕೈ ತೆಗೆಯಲಿಲ್ಲ. ನನ್ನ ಮುಖ ನೋಡಿದರು. ಆ ನೋಟದಲ್ಲಿ ಹಟ ಇರಲಿಲ್ಲ, ಬರೀ ಹೆದರಿಕೆ. ಆಮೇಲೆ ಬಹಳ ಮೆಲ್ಲಗೆ, ನನ್ನನ್ನು ಬೇಡುವ ಹಾಗೆ ಹೇಳಿದರು.

'ಒಸಾದು ಕಟ್ಬುಟ್ಟು ಅಳೇದು ತಗೀರವ್ವ. ನೀನು ಓದ್ದೋಳು, ನಿಂಗೆ ಗೊತ್ತಾಯ್ತದೆ. ಒಂದು ಒಸಾ ಉಡ್ದಾರ ತಂದ್ಬುಡವ್ವ.'

ದಾದಿ ನನ್ನನ್ನು ನೋಡಿದಳು. ನಾನೇ ಕತ್ತರಿ ಕಸಿದು ಆ ದಾರವನ್ನು ಕತ್ತರಿಸಿಬಿಡಬಹುದಿತ್ತು. ಕೈ ಏಳಲಿಲ್ಲ. ನಮ್ಮಪ್ಪ, ಬುದ್ಧ, ವಿಜ್ಞಾನ ಎಲ್ಲರೂ ನನ್ನ ಹಿಂದೆ ನಿಂತಿದ್ದರೂ ಕೈ ಏಳಲಿಲ್ಲ. ಬದುಕಿದ್ದಾರೆ ಎನ್ನುವುದಕ್ಕೆ ಇನ್ನೂ ಉಳಿದಿದ್ದ ಗುರುತುಗಳಲ್ಲಿ ಅದೂ ಒಂದು ಅಂತ ನನಗೂ ಅನ್ನಿಸಿಬಿಟ್ಟಿತ್ತು. ಪರ್ಸ್ ಹಿಡಿದು ಓಡಿದೆ.

ದೇವಸ್ಥಾನದ ಬೀದಿಯಲ್ಲಿ ಕುಂಕುಮ, ಬಳೆ, ದಾರ ಮಾರುವ ಅಂಗಡಿಗಳ ಸಾಲು. ಏದುಸಿರು ಬಿಡುತ್ತಾ ಮೊದಲ ಅಂಗಡಿಯಲ್ಲಿ ಉಡುದಾರ ಕೇಳಿದೆ.

'ಮಗೀಗಾ ದೊಡ್ಡೋರ್ಗಾ ಮೇಡಂ?'

'ದೊಡ್ಡವರಿಗೆ.'

'ಸೊಂಟ ಎಷ್ಟದೆ?'

ಎರಡೂ ತೋಳು ಚಾಚಿ ಒಂದು ಸುತ್ತು ಮಾಡಿ ತೋರಿಸಿದೆ. ಅಂಗಡಿಯವನು ನಕ್ಕುಬಿಟ್ಟ. 'ಗಣೇಶನ್ಗಾ?' ಎಂದ. ಅವನ ತಪ್ಪಿಲ್ಲ, ನಾನೂ ಎಷ್ಟೋ ಸಲ ಅದೇ ಮಾತು ಆಡಿದ್ದೆ. ನನ್ನ ಮುಖ ನೋಡಿ ಅವನ ನಗು ಅಲ್ಲೇ ನಿಂತಿತು. ಅಂಗಡಿಯಲ್ಲಿದ್ದ ಅತಿ ಉದ್ದದ ಕರೀ ದಾರವನ್ನು ಕಾಗದದಲ್ಲೂ ಸುತ್ತದೆ ಕೈಗಿಟ್ಟ. ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಆಟೋಗೂ ಕಾಯದೆ, ಬಿಸಿಲಲ್ಲಿ ಸೀರೆ ಎತ್ತಿಕೊಂಡು ಮತ್ತೆ ಓಡಿದೆ.

ಅತ್ತೆ ದಾರವನ್ನು ಕಣ್ಣಿಗೊತ್ತಿಕೊಂಡು ಮಗನ ಬೆನ್ನ ಕೆಳಗೆ ತೂರಿಸಿದರು. ಭಾವ ಆ ಕಡೆಯಿಂದ ಎಳೆದುಕೊಟ್ಟರು. ಎರಡು ತುದಿಗಳನ್ನೂ ಹೊಟ್ಟೆಯ ಮೇಲಕ್ಕೆ ತಂದರು. ಕೂಡಲಿಲ್ಲ. ನಡುವೆ ಒಂದು ಗೇಣಿನಷ್ಟು ಜಾಗ ಹಾಗೇ ಉಳಿಯಿತು. ಅತ್ತೆ ಇನ್ನೊಮ್ಮೆ ಎಳೆದರು. ಇನ್ನೊಮ್ಮೆ. ತಾನು ಹೆತ್ತ ಮಗನ ಸೊಂಟದ ಅಳತೆ ಆ ಕೈಗಳಿಗೆ ಬಾಲ್ಯದಿಂದ ಗೊತ್ತು. ಆ ಕೈಗಳು ಅಲ್ಲೇ ನಿಂತುಬಿಟ್ಟವು. ಡಾಕ್ಟರು ಅಷ್ಟು ಹೊತ್ತು ಹೇಳಿದ್ದು ಅವರಿಗೆ ಅರ್ಥವಾದದ್ದು ಆಗಲೇ. ತಲೆ ಎತ್ತಿ ನನ್ನನ್ನು ನೋಡಿ, 'ಇದೇನವ್ವ ಇಂಗೆ' ಎಂದರು.

ದಾದಿ ಗಾಯಕ್ಕೆ ಕಟ್ಟುವ ಬಿಳೀ ಬಟ್ಟೆಯ ಪಟ್ಟಿಯೊಂದನ್ನು ಹರಿದು ಕೊಟ್ಟಳು. ಅತ್ತೆ ಅದನ್ನು ದಾರದ ತುದಿಗೆ ಗಂಟು ಹಾಕಿ, ಬಿಗಿಯದೆ, ಸುಮ್ಮನೆ ಹೊಟ್ಟೆಯ ಮೇಲೆ ಒರಗಿಸಿದಂತೆ ಕಟ್ಟಿದರು. ಆಮೇಲೆ ಕತ್ತರಿ ಹಳೆಯದಕ್ಕೆ ಬಿತ್ತು. ದಾರ ಹೋದ ಮೇಲೂ ಅದರ ಗೆರೆ ಆಳವಾಗಿ, ನೇರಳೆ ಬಣ್ಣದಲ್ಲಿ, ಸೊಂಟದ ಸುತ್ತ ಉಳಿದಿತ್ತು. ಬೀಗದ ಕೈಯನ್ನು ದಾದಿ ನನ್ನ ಅಂಗೈಗೆ ಹಾಕಿದಳು. ಅದು ಬೆಚ್ಚಗಿತ್ತು.

ಒತ್ತಡ ಇಳಿಯಲಿಲ್ಲ. ದಾರದಿಂದ ಏರಿದ್ದಲ್ಲ ಅದು, ದಾರ ತೆಗೆದರೆ ಇಳಿಯುವುದಕ್ಕೆ.

ಸರ್ಜನ್ ಬಂದವರು ಹೊಟ್ಟೆ ಮುಟ್ಟಿ ನೋಡಿದರು. ಹೊಟ್ಟೆಯನ್ನು ಮೇಲಿಂದ ಕೆಳಗಿನವರೆಗೆ ಸೀಳಿ ತೆರೆದುಬಿಡಬೇಕು, ತೆರೆದೇ ಇಡಬೇಕು, ಊತ ಇಳಿದ ಮೇಲೆ ಮುಚ್ಚಬೇಕು ಎಂದರು. ಉಳಿಯುತ್ತಾರಾ ಎಂದು ಕೇಳಿದೆ. 'ತೆರೆಯದಿದ್ದರೆ ಖಂಡಿತ ಉಳಿಯಲ್ಲ. ತೆರೆದರೆ ಹೇಳಲಾರೆ' ಎಂದರು. ಅದಕ್ಕಿಂತ ಪ್ರಾಮಾಣಿಕ ಮಾತನ್ನೂ, ಅದಕ್ಕಿಂತ ಕ್ರೂರ ಮಾತನ್ನೂ ನಾನು ಕೇಳಿಲ್ಲ. ಸಹಿ ಹಾಕಿದೆ.

ಈ ಸಲ ಮೈಮೇಲೆ ಏನೂ ಇರುವಂತಿರಲಿಲ್ಲ, ಸಡಿಲವಾದ ದಾರವೂ. ದಾದಿ ಹೊಸ ದಾರಕ್ಕೆ ಕತ್ತರಿ ತರುವ ಮೊದಲೇ ಅತ್ತೆ ಮುಂದೆ ಬಂದರು. 'ಕತ್ರಿ ಬ್ಯಾಡ. ನಾ ಕಟ್ದೋಳು ನಾನೇ ಬಿಚ್ತೀನಿ' ಎಂದು ಗಂಟು ಬಿಚ್ಚಿದರು. ಮಗನ ಕಿವಿಯ ಹತ್ತಿರ ಬಗ್ಗಿ, 'ಬಿಚ್ಚಿವ್ನಿ ಅಷ್ಟೆ ಕಣಪ್ಪ, ಕುಯ್ದಿಲ್ಲ. ನೀ ಆಚೆಗೆ ಬಂದೇಟ್ಗೆ ಕಟ್ತೀನಿ' ಎಂದರು. ದಾರವನ್ನು ಮಡಿಸಿ ನನಗೆ ಕೊಟ್ಟರು. ನಾನು ಅದನ್ನು ಪರ್ಸಿನಲ್ಲಿ ಬೀಗದ ಕೈಯ ಜೊತೆ ಇಟ್ಟುಕೊಂಡೆ.

ಹೊಟ್ಟೆ ತೆರೆದಾಗ ಕರುಳು ತಾನಾಗೇ ಉಕ್ಕಿ ಹೊರಗೆ ಬಂತಂತೆ. ಸರ್ಜನ್ ಅದರ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯೊಂದನ್ನು ಚರ್ಮದ ಅಂಚಿಗೆ ಹೊಲಿದು ಕಳಿಸಿದ್ದರು. ಹೊದಿಕೆ ಸರಿದಾಗ ನಾನು ನೋಡಿದೆ. ನನ್ನ ಗಂಡನ ಒಳಗು ನನಗೆ ಕಾಣುತ್ತಿತ್ತು. ಒಬ್ಬ ಮನುಷ್ಯನನ್ನು ಅಷ್ಟು ನೋಡಬಾರದು. ಆದರೆ ಮಂಚದ ಕೆಳಗಿನ ಚೀಲದಲ್ಲಿ ಮೂತ್ರ ಇಳಿಯುತ್ತಿತ್ತು, ಹಳದಿಯಾಗಿ, ತೊಟ್ಟುತೊಟ್ಟಾಗಿ. ನಾನೂ ಅತ್ತೆಯೂ ಆ ಚೀಲದ ಮುಂದೆ ಕುಕ್ಕುರುಗಾಲಲ್ಲಿ ಕೂತು ಅತ್ತೆವು. ಉಚ್ಚೆ ನೋಡಿ ಆನಂದಬಾಷ್ಪ ಸುರಿಸಿದವರು ಈ ಊರಿನಲ್ಲಿ ನಾವೇ ಇರಬೇಕು. ಅತ್ತೆ ಸೆರಗಿನಲ್ಲಿ ಮೂಗು ಒರೆಸಿಕೊಂಡು, 'ಈಗ ಕಟ್ಬೋದಾ?' ಎಂದರು.

'ಇನ್ನೂ ಇಲ್ಲ ಅತ್ತೆ. ಹೊಟ್ಟೆ ಮುಚ್ಚಲಿ.'

ಆಮೇಲೆ ದಿನಾ ಅದೇ ಪ್ರಶ್ನೆ. ಬೆಳಿಗ್ಗೆ ಡಾಕ್ಟರು ನೋಡಿಹೋದ ಮೇಲೆ ವರಾಂಡದ ಬೆಂಚಿನಲ್ಲಿ ನನ್ನ ಪಕ್ಕ ಸರಿದು ಕೂತು ಕೇಳುವರು. 'ಕಟ್ಬೋದಂತಾ?' ನಾನು ತಲೆಯಾಡಿಸುವೆ. ಮಗ ಬರೀ ಸೊಂಟದಲ್ಲಿ ಮಲಗಿದ್ದಾನೆ ಎನ್ನುವುದು ಅವರನ್ನು ತಿನ್ನುತ್ತಿತ್ತು. ಅತ್ತೆಗೆ ಸ್ವಲ್ಪ ಸಮಾಧಾನವಾಗಲಿ ಎಂದು ನಾನು ಡಾಕ್ಟರನ್ನೇ ಕೇಳಿಬಂದೆ, ಆವತ್ತು ದಾರಕ್ಕಾಗಿ ತಡವಾದದ್ದರಿಂದ ಏನಾದರೂ ಆಯಿತಾ, ಈಗ ದಾರ ಇಲ್ಲದ್ದರಿಂದ ಏನಾದರೂ ಆಗುತ್ತದಾ ಅಂತ. ಎರಡಕ್ಕೂ ಇಲ್ಲ ಎಂದರು. ಅದನ್ನೇ ಬಂದು ಹೇಳಿದೆ. ಅತ್ತೆ ಕೇಳಿಸಿಕೊಂಡರು. ನಂಬಲಿಲ್ಲ.

ಊತ ಇಳಿಯಿತು. ಊತದ ಜೊತೆ ಹೊಟ್ಟೆಯೂ ಹೋಯಿತು, ಕೆನ್ನೆಯೂ ಹೋಯಿತು, ತೋಳೂ ಹೋಯಿತು. ಒಳಗೆ ಸತ್ತ ಗ್ರಂಥಿಯ ಚೂರುಗಳಲ್ಲಿ ಕೀವು ಸೇರಿಕೊಂಡಿತು. ಜ್ವರ ಏರಿತು, ರಕ್ತದೊತ್ತಡ ಬಿತ್ತು. ಬದಲಿಸಿದ ಒಂದೊಂದು ಔಷಧಿಗೂ ನಾನು ಒಂದೊಂದು ಹೊಸ ಆಸೆ ಇಟ್ಟುಕೊಂಡೆ. ದೇವರಿಲ್ಲದ ಮನೆಯಲ್ಲಿ ಬೆಳೆದವಳು ಕಪಿಲೆಯ ಸೋಪಾನದಲ್ಲಿ ನಿಂತು ಯಾರಿಗೆಂದು ಗೊತ್ತಿಲ್ಲದೆ ಕೈ ಮುಗಿದೆ. ಒಂದು ಬೆಳಿಗ್ಗೆ ಬೆಂಚಿನ ಮೇಲೆ ಅತ್ತೆ ನನ್ನ ಪಕ್ಕಕ್ಕೆ ಸರಿದು ಕೂತು ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರು ಹೊರಗೆ ಬಂದು ನಮ್ಮಿಬ್ಬರ ಮುಂದೆ ನಿಂತರು. ಅವರು ಹೇಳುವ ಅಗತ್ಯವೇ ಇರಲಿಲ್ಲ.

ಸೋಸಲೆಯ ಮನೆಯ ಮುಂದೆ ಹಲಗೆಯ ಮೇಲೆ ಮಲಗಿಸಿ ನೀರು ಹಾಕಿದರು. ಆಸ್ಪತ್ರೆಯವರು ಹೊಟ್ಟೆ ಹೊಲಿದು ಪಟ್ಟಿ ಹಾಕಿ ಕಳಿಸಿದ್ದರು. ಅವರ ಜೊತೆಯ ಡ್ರೈವರು, ಕಂಡಕ್ಟರುಗಳು ಖಾಕಿ ಬಟ್ಟೆಯಲ್ಲೇ ಬಂದು ಬೇಲಿಯ ಪಕ್ಕ ನಿಂತಿದ್ದರು. ಕುಲದ ಹಿರಿಯರೊಬ್ಬರು ಬ್ಲೇಡು ಹಿಡಿದು ಬಗ್ಗಿ, ಒದ್ದೆ ಬಟ್ಟೆಯ ಒಳಗೆ ಕೈ ಹಾಕಿ ಸೊಂಟದ ಸುತ್ತ ತಡವಿದರು. ಮತ್ತೊಮ್ಮೆ ತಡವಿದರು.

'ಉಡ್ದಾರ ಎಲ್ಲವ್ವ?'

ಅಷ್ಟು ಹೊತ್ತು ಕಲ್ಲಿನಂತೆ ಕೂತಿದ್ದ ಅತ್ತೆ ಎದೆ ಎದೆ ಬಡಿದುಕೊಂಡರು.

'ನಾನೇ ಬಿಚ್ದೆ ಕಣಪ್ಪೋ! ಎತ್ತೋಳು ನಾನೇ ಬಿಚ್ಚಿ ಕಳಿಸ್ಬುಟ್ಟೆ! ಬರೀ ಸೊಂಟದಲ್ಲಿ ಓದ್ನಲ್ಲಪ್ಪೋ ನನ್ ಮಗ!'

ಜನರ ಕಣ್ಣೆಲ್ಲ ಅವರ ಮೇಲೆ ತಿರುಗಿತು. ಅಲ್ಲ, ದಾರದಿಂದ ಅಲ್ಲ, ಒಳಗಿನ ಒತ್ತಡದಿಂದ, ಕೀವಿನಿಂದ, ಒಂದು ಸಣ್ಣ ಕಲ್ಲಿನಿಂದ ಎಂದು ಅಷ್ಟೂ ಜನರಿಗೆ ಪಾಠ ಹೇಳುವಷ್ಟು ಸಿಟ್ಟು ನನಗೆ ಬಂತು. ಹೇಳಿದರೆ ಯಾರು ಕೇಳುತ್ತಾರೆ? ಅತ್ತೆಯೇ ಕೇಳುವುದಿಲ್ಲ. ಎದ್ದು ಒಳಗೆ ಹೋಗಿ ಪರ್ಸ್ ತಂದೆ. ಬೀಗದ ಕೈಯ ಜೊತೆ ಸುತ್ತಿಕೊಂಡಿದ್ದ ದಾರವನ್ನು ಬಿಡಿಸಿ ಅತ್ತೆಯ ಮುಂದೆ ಹಿಡಿದೆ. ತುದಿಯ ಬಿಳೀ ಪಟ್ಟಿ ಹಾಗೇ ಇತ್ತು.

'ಬಿಚ್ಚಿದ್ದು ಅಷ್ಟೇ ಅತ್ತೆ, ಕತ್ತರಿಸಿಲ್ಲ ಅಂತ ಅವರಿಗೆ ಹೇಳಿದ್ದಿರಿ. ಬಂದ ಮೇಲೆ ಕಟ್ತೀನಿ ಅಂದಿದ್ದಿರಿ' ಎಂದೆ. 'ಬಂದಿದ್ದಾರೆ. ಕಟ್ಟಿ.'

ಬ್ಲೇಡು ಹಿಡಿದ ಹಿರಿಯರು ನನ್ನ ಮುಖ ನೋಡಿ ಪಕ್ಕಕ್ಕೆ ಸರಿದರು. ಅತ್ತೆ ತೆವಳಿಕೊಂಡು ಬಂದರು. ಒಂದು ತುದಿಯನ್ನು ಅವರು ಬೆನ್ನ ಕೆಳಗೆ ತೂರಿಸಿದರು, ಆ ಕಡೆಯಿಂದ ನಾನು ಎಳೆದುಕೊಂಡೆ. ಈ ಸಲ ದಾರ ಸುತ್ತು ಬಂತು. ಸುತ್ತು ಬಂದು, ಗಂಟು ಹಾಕಿದ ಮೇಲೂ ಮಿಕ್ಕು, ಬಿಳೀ ಪಟ್ಟಿ ಅವರ ತೊಡೆಯ ಮೇಲೆ ಇಳಿಬಿತ್ತು, ಬೀಗದ ಕೈ ಆಡುತ್ತಿದ್ದ ಜಾಗದಲ್ಲಿ.

ಹಿರಿಯರು ಬ್ಲೇಡು ಮುಂದೆ ತಂದರು. ಅತ್ತೆ ಅವರ ಕೈ ಹಿಡಿದುಕೊಂಡರು.

'ತಡೀರಣ್ಣ. ಒಂದು ಗಳ್ಗೆ ಇರ್ಲಿ.'

ಎಲ್ಲರೂ ನಿಂತರು. ನಾನು ಹಲಗೆಯ ಈ ಪಕ್ಕ, ಅತ್ತೆ ಆ ಪಕ್ಕ, ನಡುವೆ ಉಡುದಾರ ಕಟ್ಟಿಕೊಂಡು ಮಲಗಿದ ಅವರು. ನಾನು ಕೈ ಚಾಚಿ ಅವರ ಹೊಟ್ಟೆಯ ಮೇಲಿಟ್ಟೆ. ಅದು ಮೆತ್ತಗಿತ್ತು. ಆಮೇಲೆ ಅತ್ತೆ ಆ ಹಿರಿಯರ ಕೈ ಬಿಟ್ಟರು.